ದೇಶಗಳ ಮೇಲೊಂದು ಕಾನೂನು

ಎರಿಕ್ ಸ್ಟೈನ್ 1913ರಲ್ಲಿ ಬೊಹೆಮಿಯಾದಲ್ಲಿ ಹುಟ್ಟಿದರು. ಪ್ರಾಗ್‌ನಲ್ಲಿ ಕಾನೂನು ಓದಿದರು. ನಾಜಿಗಳು ತಾಯ್ನಾಡನ್ನು ಆಕ್ರಮಿಸಿದ ಮೇಲೆ ಅಮೆರಿಕ ಸೇರಿ, ಮತ್ತೆ ಕಾನೂನು ವಿದ್ಯಾರ್ಥಿಯಾದರು. 1950ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಯುರೋಪಿನ ಆರ್ಥಿಕ ಸಮುದಾಯ ಆಗಷ್ಟೇ ಕಣ್ಣುಬಿಡುತ್ತಿತ್ತು. ಅಮೆರಿಕದಲ್ಲಿ ಅದನ್ನು ಗಂಭೀರವಾಗಿ ಅಭ್ಯಾಸ ಮಾಡಿದ ಮೊದಲಿಗರಲ್ಲಿ ಸ್ಟೈನ್ ಒಬ್ಬರು.

ಅವರು ಓದಿದ್ದು ಲಕ್ಸೆಂಬರ್ಗ್‌ನಲ್ಲಿರುವ ಆ ಸಮುದಾಯದ ನ್ಯಾಯಾಲಯದ ತೀರ್ಪುಗಳನ್ನು. ಅವುಗಳಲ್ಲೊಂದು ವಿದ್ಯುತ್ ಬಿಲ್ಲಿನ ಕಥೆ. ಮಿಲಾನ್‌ನ ವಕೀಲ ಫ್ಲಾಮಿನಿಯೊ ಕೋಸ್ಟ ಸುಮಾರು 1,900 ಲೀರಾಗಳ ಬಿಲ್ ಕಟ್ಟಲಿಲ್ಲ. ಇಟಲಿ ಸರ್ಕಾರ ವಿದ್ಯುತ್ತನ್ನು ರಾಷ್ಟ್ರೀಕರಿಸಿದ್ದು ಸಮುದಾಯದ ಒಪ್ಪಂದಕ್ಕೆ ವಿರುದ್ಧ ಎಂಬುದು ಅವರ ವಾದ. ಚಿಲ್ಲರೆ ಮೊತ್ತ ನಿಜ, ಆದರೆ ಅದರ ಹಿಂದಿನ ಪ್ರಶ್ನೆ ಬಲು ದೊಡ್ಡದು. ದೇಶದ ಕಾನೂನಿಗೂ ಸಮುದಾಯದ ಕಾನೂನಿಗೂ ಘರ್ಷಣೆಯಾದರೆ ಯಾವುದು ಮೇಲು? ಸಮುದಾಯದ್ದೇ ಎಂದು 1964ರಲ್ಲಿ ನ್ಯಾಯಾಲಯ ಹೇಳಿತು.

1981ರ ಪ್ರಸಿದ್ಧ ಲೇಖನದಲ್ಲಿ ಸ್ಟೈನ್ ಇಂಥ ಮೊಕದ್ದಮೆಗಳನ್ನು ಸಾಲಾಗಿಟ್ಟು ನೋಡಿದರು. ಸರ್ಕಾರಗಳ ವಾದವೇನು, ಸಮುದಾಯದ ಆಯೋಗದ ನಿಲುವೇನು, ನ್ಯಾಯಾಧೀಶರು ಯಾರ ಮಾತಿಗೆ ಕಿವಿಗೊಟ್ಟರು ಎಂದು ತಾಳ್ಮೆಯಿಂದ ಹೋಲಿಸಿದರು. ಒಪ್ಪಂದವೊಂದು ತೀರ್ಪಿನಿಂದ ತೀರ್ಪಿಗೆ ಸಂವಿಧಾನದ ರೂಪ ತಾಳಿದ್ದನ್ನು ತೋರಿಸಿದರು. ಇಂದಿಗೂ ಈ ವಿಷಯದ ವಿದ್ವಾಂಸರು ಆ ಲೇಖನಕ್ಕೆ ಮರಳುತ್ತಾರೆ. ಆ ಗೌರವಕ್ಕೆ ಅದು ಅರ್ಹವೇ.

1989ರ ನಂತರ ಚೆಕೊಸ್ಲೊವಾಕಿಯದ ಹೊಸ ಸಂವಿಧಾನದ ಚರ್ಚೆಗೆ ಅವರು ಸಲಹೆಗಾರರಾಗಿ ಹೋದರು. ಆ ದೇಶ ಎರಡಾದ ಬಗೆಯನ್ನೂ ಪುಸ್ತಕವಾಗಿ ಬರೆದರು. 2011ರಲ್ಲಿ ತೀರಿಕೊಂಡರು.