ಸಂಕಲೆಯ ಇನ್ನೊಂದು ತುದಿ
(ಜಮಾಅತ್ ಸಭೆಯೊಂದರಲ್ಲಿ ಮಾಡಿದ ಭಾಷಣ)



2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸಮೀಪವಿದ್ದ ಖಾಸಗಿ ಕೇಂದ್ರವೊಂದರ ಹುಲ್ಲು ಮಾಡಿಗೆ ಬೆಂಕಿ ತಗುಲಿತು. ಒಳಗಿದ್ದ ಮನೋರೋಗಿಗಳು ಸಂಕಲೆಯಲ್ಲಿದ್ದರು. 28 ಮಂದಿ ಸತ್ತರು. ಅಂದು ನಾವೆಲ್ಲ ಮೂಢನಂಬಿಕೆಯನ್ನು ಖಂಡಿಸಿದೆವು, ಕೇಂದ್ರ ನಡೆಸಿದವರನ್ನು ದೂಷಿಸಿದೆವು. ಅದು ತಪ್ಪಲ್ಲ. ಆದರೆ ಅವರಲ್ಲಿ ಅನೇಕರನ್ನು ಅಲ್ಲಿಗೆ ಕರೆತಂದವರು ಅವರ ಮನೆಯವರೇ. ಅವರೆಲ್ಲರೂ ಕಲ್ಲುಹೃದಯಿಗಳೇ? ರಾತ್ರಿಯೆಲ್ಲ ಎಚ್ಚರವಿದ್ದು ದಣಿದ ತಾಯಿ, ಕೆಲಸ ಕಳೆದುಕೊಂಡ ಅಣ್ಣ, ಮಗಳ ಸಂಬಂಧ ಮುರಿದೀತೆಂದು ಬಾಯಿ ಮುಚ್ಚಿಕೊಂಡ ತಂದೆ, ಇವರು ಆ ಬಾಗಿಲು ತಟ್ಟುವ ಮೊದಲು ಅವರ ಬಾಗಿಲನ್ನು ನಾವು ಎಷ್ಟು ಸಲ ತಟ್ಟಿದ್ದೇವೆ?

ಜ್ವರ ಬಂದವನ ಮನೆಗೆ ನಾವು ಹಣ್ಣು ಹಿಡಿದು ಹೋಗುತ್ತೇವೆ. ರೋಗಿಯ ಸಂದರ್ಶನ ಸುನ್ನತ್ ಎಂಬುದು ನಮಗೆ ಗೊತ್ತು. ಸ್ಕಿಜೋಫ್ರೇನಿಯಾ ಇರುವ ಮನೆಗೆ ಮಾತ್ರ ಹೋಗುವುದಿಲ್ಲ. ಹೋದರೂ 'ಯಾರಾದರೂ ಮಾಟ ಮಾಡಿಸಿರಬಹುದೇ' ಎಂದು ವಿಚಾರಿಸಿ, 'ಸಬ್ರ್ ಮಾಡಿ' ಎಂದು ಹೇಳಿ ಹಿಂದಿರುಗುತ್ತೇವೆ. ಸಬ್ರ್ ಮಹಾ ಗುಣ, ನಿಜ. ಆದರೆ ಅದನ್ನು ಸದಾ ಆ ತಾಯಿಗೇ ಬೋಧಿಸಿ ನಾವು ಕೈತೊಳೆದುಕೊಳ್ಳುವುದು ಯಾವ ದೀನ್?

ಸೂರಃ ಅನ್ನಿಸಾದ ಐದನೆಯ ಸೂಕ್ತವು ಬುದ್ಧಿಬಲವಿಲ್ಲದವರ ಸೊತ್ತಿನ ಕುರಿತು ಮಾತನಾಡುತ್ತಾ, ಅವರಿಗೆ ಉಣ್ಣಲು, ಉಡಲು ಕೊಡಬೇಕೆಂದೂ ಅವರೊಂದಿಗೆ ಒಳ್ಳೆಯ ಮಾತನ್ನಾಡಬೇಕೆಂದೂ ಆದೇಶಿಸುತ್ತದೆ. ಆ ಆದೇಶ ಬಹುವಚನದಲ್ಲಿದೆ. ಮಧ್ಯಯುಗದ ಡಮಾಸ್ಕಸ್ ಮತ್ತು ಕೈರೋಗಳ ಆಸ್ಪತ್ರೆಗಳು ವಕ್ಫ್ ಆದಾಯದಿಂದ ನಡೆದು ಮನೋರೋಗಿಗಳಿಗೂ ಆಶ್ರಯ ನೀಡಿದ್ದನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನಮ್ಮ ಮೊಹಲ್ಲಾದ ವಕ್ಫ್ ಲೆಕ್ಕಪುಸ್ತಕದಲ್ಲಿ ಅಂಥ ಒಂದು ಸಾಲಾದರೂ ಇದೆಯೇ?

ಪ್ರಾರ್ಥನೆ ಇರಲಿ. ಪ್ರವಾದಿವರ್ಯರು(ಸ) ಚಿಕಿತ್ಸೆ ಪಡೆಯಲೂ ಹೇಳಿದ್ದಾರೆ. ಮಂತ್ರಿಸಿದ ನೀರು ಕುಡಿಸಿದೆವೆಂದು ವೈದ್ಯರ ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ, ಮತ್ತೆ ಎಚ್ಚರವಿರಬೇಕಾದವಳು ಅದೇ ತಾಯಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನೂ ಆವರಣದ ಡೇರೆಗಳಲ್ಲಿ ಇರಿಸಿಕೊಂಡು, ರೋಗವೇನೆಂದು ಅವರಿಗೆ ಅರ್ಥಮಾಡಿಸಿದರು. ಆ ತಿಳುವಳಿಕೆ ಸಿಗದ ಮನೆಗಳು ಇಂದೂ ಇವೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸಂಕಲೆ ಹಾಕುವುದನ್ನು ಸಂಪೂರ್ಣವಾಗಿ ನಿಷೇಧಿಸಿದೆ. ಮನೋರೋಗವನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿಸಲಾಗಿದೆ. ದೂರವಾಣಿಯಲ್ಲಿ ಸಲಹೆ ಪಡೆಯಲು ಸರಕಾರದ ಟೆಲಿ ಮಾನಸ್ ಸಂಖ್ಯೆ 14416 ಇದೆ. ಆರೈಕೆ ಮಾಡುವವರೂ ಕರೆ ಮಾಡಬಹುದು. ಕಾನೂನು ಸಂಕಲೆಯನ್ನು ಬಿಚ್ಚೀತು, ಆದರೆ ಇಂದು ರಾತ್ರಿ ರೋಗಿಯ ಬಳಿ ಕುಳಿತಿರುವವರು ಯಾರೆಂದು ಅದು ಹೇಳದು. ಸರಕಾರದಿಂದ ವೈದ್ಯರನ್ನೂ ಔಷಧಿಯನ್ನೂ ಹಕ್ಕಿನಿಂದ ಕೇಳೋಣ. ಆ ರಾತ್ರಿಯನ್ನು ಮಾತ್ರ ಸರಕಾರಕ್ಕೆ ಬಿಡಲಾಗದು.

ಆದ್ದರಿಂದ ಜಮಾಅತ್ ಸಮಿತಿಯೊಂದಿಗೆ ನಮ್ಮ ವಿನಂತಿ ಇಷ್ಟೇ: ಔಷಧಿ ಕೊಳ್ಳಲಾಗದವರಿಗೆ ಝಕಾತ್ ನಿಧಿಯಿಂದ ತಿಂಗಳ ನೆರವು ಸಿಗಲಿ. ಪ್ರಮಾಣಪತ್ರಕ್ಕಾಗಿ ಅಲೆಯುವ ತಂದೆಯೊಂದಿಗೆ ಓದುಬರಹ ಬಲ್ಲ ಯುವಕನೊಬ್ಬ ಹೋಗಲಿ. ವಾರಕ್ಕೊಮ್ಮೆ ಎರಡು ಗಂಟೆ ನಮ್ಮ ಸಹೋದರಿಯರಲ್ಲಿ ಇಬ್ಬರು ಆ ಮನೆಯಲ್ಲಿ ಕುಳಿತರೆ ತಾಯಿ ನಿದ್ರಿಸಬಹುದು, ಮದುವೆಯೊಂದಕ್ಕೆ ಹೋಗಿ ಬರಬಹುದು. ಅಂಥ ಮನೆಗಳ ಹೆಸರನ್ನು ದಯವಿಟ್ಟು ಮಸೀದಿಯ ಮೈಕಿನಲ್ಲಿ ಓದಬೇಡಿ. ಮಗ್ರಿಬ್ ನಂತರ ಸುಮ್ಮನೆ ಹೋಗಿ ಸಲಾಂ ಹೇಳಿ.