ಒಂದು ಸುಳ್ಳೂ ಹೇಳದೆ ಒಂದು ಮನೆ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಅನ್ನುವ ಗಾದೆ ನಮ್ಮೆಲ್ಲರಿಗೂ ಗೊತ್ತು. ಮದುವೆಯ ವಿಷಯದಲ್ಲಿ ಆ ಗಾದೆ ಎಷ್ಟು ಸರಿ ಅನ್ನುವುದನ್ನು ನೀವೇ ಹೇಳಬೇಕು. ನಾನು ಹೇಳಬಲ್ಲದ್ದು ಇಷ್ಟೇ: ಯಾರೋ ಬಿಟ್ಟುಹೋದ, ಕಾಯಿಲೆಯಿರುವ ನಾಯಿಗೆ ಮನೆ ಹುಡುಕುವಾಗ ಒಂದು ಸುಳ್ಳೂ ಹೇಳಬಾರದು. ಹೇಳಿದರೆ ಆ ಸುಳ್ಳಿನ ಬೆಲೆ ತೆರುವುದು ಹೇಳಿದವರಲ್ಲ, ಕೇಳಿದವರೂ ಅಲ್ಲ, ಬಾಯಿಲ್ಲದ ಆ ಪ್ರಾಣಿ.

ನಾನು ಪುಣೆಗೆ ಬಂದು 22 ವರ್ಷವಾಯಿತು. ಕೋಥರೂಡಿನಲ್ಲಿ ನಮ್ಮ ಆಸುಪಾಸಿನ ನಾಲ್ಕೈದು ಹೆಂಗಸರು ಸೇರಿ ಇಂಥ ನಾಯಿಗಳಿಗೆ ಮನೆ ಹುಡುಕುವ ಕೆಲಸ ಮಾಡುತ್ತೇವೆ. ನಮ್ಮದು ಸಂಸ್ಥೆಯಲ್ಲ, ಬೋರ್ಡಿಲ್ಲ, ರಸೀದಿ ಪುಸ್ತಕವಿಲ್ಲ. ಒಬ್ಬರ ಮನೆಯಲ್ಲಿ ಜಾಗ, ಒಬ್ಬರ ಹತ್ತಿರ ಕಾರು, ಇನ್ನೊಬ್ಬರಿಗೆ ಫೋನಿನಲ್ಲಿ ಮಾತಾಡುವ ತಾಳ್ಮೆ. ಅಷ್ಟರಲ್ಲೇ ನಡೆಯುತ್ತದೆ.

ಸಾಕಿದ ನಾಯಿಯನ್ನು ಜನ ಯಾಕೆ ಬಿಡುತ್ತಾರೆ? ಕೆಲಸ ಬೇರೆ ಊರಿಗೆ ವರ್ಗವಾಯಿತು, ಬಾಡಿಗೆ ಮನೆ ಬದಲಾಯಿತು, ಮಗು ಹುಟ್ಟಿತು, ಇವೆಲ್ಲ ಕಾರಣಗಳೇ. ಆದರೆ ಮೈಯೆಲ್ಲ ಗಾಯವಾಗಿ, ಕಾಲು ಸೋತು, ಕಣ್ಣು ಮಂಜಾಗಿ ಸಿಗುವ ನಾಯಿಗಳನ್ನು ನೋಡಿದರೆ ಕಾಯಿಲೆಯೇ ದೊಡ್ಡ ಕಾರಣ ಅನ್ನಿಸುತ್ತದೆ. ಮರಿಯಾಗಿದ್ದಾಗ ದುಡ್ಡು ಕೊಟ್ಟು ತಂದ ಲ್ಯಾಬ್ರಡಾರ್ ಏಳನೆಯ ವರ್ಷಕ್ಕೆ ಔಷಧಿಯ ಖರ್ಚಾಗಿ ಕಾಣುತ್ತದೆ. ‘ಬೀದಿಯಲ್ಲಿ ಎಷ್ಟೊಂದು ನಾಯಿ ಬದುಕಿಲ್ಲವೇ, ಇದೂ ಬದುಕುತ್ತದೆ’ ಅನ್ನುವುದು ಅವರ ಸಮಾಧಾನ. ಅದು ಬದುಕುವುದಿಲ್ಲ. ಬೀದಿನಾಯಿಗೆ ತನ್ನ ಗಲ್ಲಿ ಗೊತ್ತು, ತನ್ನ ಗುಂಪು ಗೊತ್ತು, ಗಾಡಿ ಬಂದರೆ ಯಾವಾಗ ಸರಿಯಬೇಕು ಗೊತ್ತು. ಸೋಫಾದ ಮೇಲೆ ಬೆಳೆದ ನಾಯಿಗೆ ಇವು ಯಾವುದೂ ಗೊತ್ತಿಲ್ಲ. ಆ ಗಲ್ಲಿಯ ನಾಯಿಗಳು ಅದನ್ನು ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ.

ಹೀಗೆ ಬಿಟ್ಟುಹೋಗುವುದು ಅಪರಾಧ. ಪ್ರಾಣಿಹಿಂಸೆ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅದರ ಹಿಂದೆ ಇದ್ದವರು ಒಬ್ಬ ಹೆಣ್ಣುಮಗಳು, ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್. ರಾಜ್ಯಸಭೆಯ ಸದಸ್ಯೆಯಾಗಿ ಅವರು ಮೊದಲು ಖಾಸಗಿ ಮಸೂದೆ ತಂದರು, ಅದರಿಂದಲೇ ಮುಂದೆ ಈ ಕಾಯ್ದೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಆದಾಗ ಅದರ ಮೊದಲ ಅಧ್ಯಕ್ಷೆಯೂ ಅವರೇ. ಹಸಿವು ನೀರಡಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಹೋಗುವುದು ಈ ಕಾಯ್ದೆಯ 11ನೆಯ ಕಲಮಿನಲ್ಲಿ ತಪ್ಪು. ಆದರೆ ಮೊದಲ ಸಲದ ತಪ್ಪಿಗೆ ಅದು ಹೇಳುವ ದಂಡ 10 ರೂಪಾಯಿಯಿಂದ 50 ರೂಪಾಯಿ. ಇವತ್ತು ಪುಣೆಯಲ್ಲಿ ಒಂದು ಪ್ಲೇಟ್ ಮಿಸಳ್‌ಗೂ ಸಾಲದ ದುಡ್ಡು. ಅಂದ ಮೇಲೆ ಕಾನೂನು ನೋಡಿಕೊಳ್ಳಲಿ ಅಂತ ನಾವು ಕೂರುವ ಹಾಗಿಲ್ಲ.

ಈಗ ನಮಗೆ ಸಿಕ್ಕಿದ ಒಂದು ನಾಯಿಯ ಕಥೆ ಹೇಳುತ್ತೇನೆ. ಕಳೆದ ವರ್ಷ ಮಳೆಗಾಲದಲ್ಲಿ ಒಂದು ಸೊಸೈಟಿಯ ಗೇಟಿನ ಹೊರಗೆ, ವಿದ್ಯುತ್ ಕಂಬಕ್ಕೆ ಕಟ್ಟಿದ ಹಾಗೆ ಸಿಕ್ಕಿತು. ಹಳದಿ ಬಣ್ಣದ ಗಂಡು ಲ್ಯಾಬ್ರಡಾರ್. ಕುತ್ತಿಗೆಗೆ ಪಟ್ಟಿ, ಪಕ್ಕದಲ್ಲಿ ಮಳೆನೀರು ತುಂಬಿದ ಸ್ಟೀಲ್ ಬಟ್ಟಲು. ವಾಚ್‌ಮನ್ ಮಾಮಾ ಅದಕ್ಕೆ ಮೋತಿ ಅಂತ ಹೆಸರಿಟ್ಟಾಗಿತ್ತು.

ಮೊದಲು ನೋಡಬೇಕಾದದ್ದು ನಾಯಿ ಬಿಟ್ಟುಹೋದದ್ದೋ, ತಪ್ಪಿಸಿಕೊಂಡದ್ದೋ ಅನ್ನುವುದು. ಪಟಾಕಿಗೆ, ಗುಡುಗಿಗೆ ಹೆದರಿ ಓಡಿಹೋದ ನಾಯಿಯನ್ನು ಅದರ ಮನೆಯವರು ಅಳುತ್ತಾ ಹುಡುಕುತ್ತಿರಬಹುದು. ಪಶುವೈದ್ಯರ ಹತ್ತಿರ ಹೋದಾಗ ಮೈಕ್ರೋಚಿಪ್ ಇದೆಯೇ ಅಂತ ಸ್ಕ್ಯಾನ್ ಮಾಡಿಸಿದೆವು. ಸುತ್ತಲಿನ ಸೊಸೈಟಿಗಳ ವಾಟ್ಸಾಪ್ ಗುಂಪುಗಳಿಗೆ ಫೋಟೋ ಕಳಿಸಿದೆವು. ಹತ್ತು ದಿನ ಕಾದೆವು. ಯಾರೂ ಕೇಳಿಕೊಂಡು ಬರಲಿಲ್ಲ.

ಬಾರದ ಕಾರಣ ನಾಲ್ಕನೆಯ ರಾತ್ರಿಯೇ ಗೊತ್ತಾಗಿತ್ತು. ಮಲಗಿದ್ದ ಮೋತಿ ಇದ್ದಕ್ಕಿದ್ದ ಹಾಗೆ ಕಾಲು ಸೆಟೆಸಿ, ಬಾಯಲ್ಲಿ ನೊರೆ ಬಂದು, ಒದ್ದಾಡತೊಡಗಿತು. ಫಿಟ್ಸ್. ನೋಡಿದವರಿಗೆ ಪ್ರಾಣವೇ ಹೋಯಿತೇನೋ ಅನ್ನಿಸುತ್ತದೆ. ಹೆಚ್ಚಾಗಿ ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ. ಆಮೇಲೆ ಸ್ವಲ್ಪ ಹೊತ್ತು ನಾಯಿ ಕಣ್ಣು ಕಾಣದ ಹಾಗೆ ತಡವರಿಸುತ್ತದೆ, ಗೋಡೆಗೆ ಮುಖ ಮಾಡಿ ನಿಲ್ಲುತ್ತದೆ, ಮತ್ತೆ ಸರಿಹೋಗುತ್ತದೆ. ಲ್ಯಾಬ್ರಡಾರ್ ತಳಿಯಲ್ಲಿ ಈ ಮೂರ್ಛೆರೋಗ ಕಾಣುವುದುಂಟು. ಮಾತ್ರೆ ಇದೆ, 12 ಗಂಟೆಗೊಮ್ಮೆ, ದಿನಕ್ಕೆ ಎರಡು ಸಲ, ಹೆಚ್ಚಾಗಿ ಜೀವ ಇರುವವರೆಗೂ. ವೈದ್ಯರನ್ನು ಕೇಳದೆ ತಟ್ಟನೆ ನಿಲ್ಲಿಸಿದರೆ ಅಪಾಯ. ಮಾತ್ರೆಯಿಂದ ಹಸಿವು, ಬಾಯಾರಿಕೆ ಹೆಚ್ಚುತ್ತದೆ. ಯಕೃತ್ತು ಸರಿಯಾಗಿದೆಯೇ ಅಂತ ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಇದರ ಜೊತೆಗೆ ಮೋತಿಯ ಹಿಂಗಾಲಿನ ಸೊಂಟದ ಕೀಲು ಸವೆದಿತ್ತು. ಇದೂ ಆ ತಳಿಯ ಕಾಯಿಲೆಯೇ. ಏಳು ವರ್ಷ ದಾಟಿರಬಹುದು ಅಂದರು ಡಾಕ್ಟರು.

ಮನೆ ಬೇಕಾಗಿದೆ ಅಂತ ಪ್ರಕಟಣೆ ಬರೆಯಲು ಕೂತಾಗ ನಮ್ಮಲ್ಲೇ ಜಗಳವಾಯಿತು. ಒಬ್ಬ ಗೆಳತಿ ಬರೆದು ತಂದಿದ್ದಳು: ‘ಮುದ್ದಾದ ಲ್ಯಾಬ್, ಐದು ವರ್ಷ, ಮಕ್ಕಳಿಗೆ ಒಳ್ಳೆಯ ಸಂಗಾತಿ.’ ಫಿಟ್ಸ್ ವಿಷಯ ಬರೆದರೆ ಯಾರೂ ಬರುವುದಿಲ್ಲ, ಮೊದಲು ಮನೆಗೆ ಹೋಗಲಿ, ಪ್ರೀತಿ ಹುಟ್ಟಿದ ಮೇಲೆ ಅವರೇ ನೋಡಿಕೊಳ್ಳುತ್ತಾರೆ ಅನ್ನುವುದು ಅವಳ ವಾದ. ಅವಳದು ಕೆಟ್ಟ ಮನಸ್ಸಲ್ಲ. ಆದರೆ ಅದೇ ಲೆಕ್ಕದಲ್ಲಿ ಬೇರೆ ಯಾರೋ ಮನೆ ಹುಡುಕಿಕೊಟ್ಟ ಇನ್ನೊಂದು ನಾಯಿಯ ಗತಿ ನನಗೆ ಗೊತ್ತಿತ್ತು. ಚರ್ಮದ ಕಾಯಿಲೆ ಮುಚ್ಚಿಟ್ಟು ಕೊಟ್ಟಿದ್ದರು. ಇಪ್ಪತ್ತು ದಿನಕ್ಕೆ ಮನೆಯವರಿಗೆ ಮೋಸ ಹೋದ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಕೊಟ್ಟವರಿಗೆ ಫೋನ್ ಕೂಡ ಮಾಡದೆ ಹೈವೇ ಪಕ್ಕ ಬಿಟ್ಟುಬಂದರು. ಒಂದು ಸಲ ಅನಾಥವಾದದ್ದು ಎರಡನೆಯ ಸಲ ಅನಾಥವಾಯಿತು.

ಹಾಗಾಗಿ ಮೋತಿಯ ಪ್ರಕಟಣೆಯಲ್ಲಿ ಎಲ್ಲವನ್ನೂ ಬರೆದೆವು. ವಯಸ್ಸು ಏಳರ ಮೇಲೆ. ಫಿಟ್ಸ್ ಬರುತ್ತದೆ. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಮಾತ್ರೆ ತಪ್ಪಬಾರದು. ಮೆಟ್ಟಿಲು ಹತ್ತಲಾರ, ಲಿಫ್ಟ್ ಅಥವಾ ನೆಲಮಹಡಿ ಬೇಕು. ನುಣುಪು ಟೈಲ್ಸ್ ಮೇಲೆ ಜಾರುತ್ತಾನೆ, ಚಾಪೆ ಹಾಸಬೇಕು. ಊಟ, ಔಷಧಿ ಸೇರಿ ತಿಂಗಳಿಗೆ ಸುಮಾರು 4,000 ರೂಪಾಯಿ. ಕೊನೆಯಲ್ಲಿ ಇನ್ನೂ ಒಂದು ನಿಜ ಸೇರಿಸಿದೆವು: ಚಪಾತಿ ಲಟ್ಟಿಸುವ ಸದ್ದು ಕೇಳಿದರೆ ಅಡುಗೆಮನೆ ಬಾಗಿಲಲ್ಲಿ ಬಂದು ಕೂರುತ್ತಾನೆ, ಕೊಡುವವರೆಗೂ ಏಳುವುದಿಲ್ಲ. ಕಾಯಿಲೆ ಎಷ್ಟು ನಿಜವೋ ಅದರ ಸ್ವಭಾವವೂ ಅಷ್ಟೇ ನಿಜ, ಅಲ್ಲವೇ?

ಫೋನುಗಳು ಬಂದವು. ಬಿಳಿ ಲ್ಯಾಬ್ ಇಲ್ಲವೇ ಅಂದರು. ಫಾರ್ಮ್‌ಹೌಸ್ ಕಾಯಲು ಬೇಕು ಅಂದರು. ಹೆಣ್ಣು ಲ್ಯಾಬ್ ಇದೆ, ಮರಿ ಮಾಡಿಸಬಹುದೇ ಅಂದರು. ನಾವು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದೆ ಕೊಡುವುದಿಲ್ಲ ಅಂದ ಕೂಡಲೇ ಫೋನ್ ಇಟ್ಟರು. ಕೆಲವರು ಅತ್ತೇಬಿಟ್ಟರು. 2022ರಲ್ಲಿ ನಾವೆಲ್ಲ ‘777 ಚಾರ್ಲಿ’ ನೋಡಿ ಅತ್ತವರೇ. ಅಳುವುದು ತಪ್ಪಲ್ಲ. ಆದರೆ ಸಿನಿಮಾದ ಕಾಯಿಲೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಮನೆಯ ನಾಯಿಗೆ ಕರುಣೆಯ ಜೊತೆಗೆ ದಿನಾ ಎಂಟು ಗಂಟೆಗೆ ಮನೆಯಲ್ಲಿ ಇರುವ ಒಬ್ಬರು ಬೇಕು.

ಮಹಿಳಾ ವೇದಿಕೆಯಲ್ಲಿ ಹೇಳಲೇಬೇಕಾದ ಮಾತು ಇದು. ನಾಯಿ ಬೇಕು ಅಂತ ಫೋನ್ ಮಾಡುವವರು ಬಹುಪಾಲು ಗಂಡಸರು, ಇಲ್ಲವೇ ಮಕ್ಕಳು. ನಾಯಿ ಬಂದ ಮೇಲೆ ಅನ್ನ ಬೇಯಿಸುವುದು, ಕೂದಲು ಗುಡಿಸುವುದು, ಉಚ್ಚೆ ಒರೆಸುವುದು ಯಾರು? ಆದ್ದರಿಂದ ನಾವು ಆ ಮನೆಯ ಹೆಂಗಸಿನ ಜೊತೆ ಪ್ರತ್ಯೇಕವಾಗಿ ಮಾತಾಡುತ್ತೇವೆ. ‘ಇವರಿಗೆ ಇಷ್ಟ, ಆಯಿತು ಬಿಡಿ’ ಅಂತ ಆಕೆ ಅಂದರೆ ಅದನ್ನು ಒಪ್ಪಿಗೆ ಅಂತ ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಕೆಯ ಮನಸ್ಸಿಲ್ಲದ ಮನೆಯಲ್ಲಿ ಕಾಯಿಲೆಯ ನಾಯಿ ಉಳಿಯುವುದೂ ಕಷ್ಟ, ಉಳಿದರೆ ಆಕೆಗೂ ಅನ್ಯಾಯ.

ಆರು ವಾರದ ಮೇಲೆ ಸಿಂಹಗಡ ರಸ್ತೆಯ ಕಡೆಯಿಂದ ಒಂದು ಫೋನ್ ಬಂತು. ಬೆಳಗಾವಿ ಕಡೆಯ ಕುಟುಂಬ. ಗಂಡ, ಹೆಂಡತಿ, ವಯಸ್ಸಾದ ಅತ್ತೆ. ಪದ್ಧತಿಯಂತೆ ಸೊಸೆಯನ್ನು ಕೇಳಿದೆ, ‘ಕೆಲಸ ಯಾರ ಪಾಲಿಗೆ ಬರತದಮ್ಮಾ?’ ಆಕೆ ತಡವರಿಸದೆ ಹೇಳಿದಳು: ‘ಮುಂಜಾನೆ ಅಡ್ಡಾಡಸೂದು ಇವರದು, ಗುಳಗಿ ಅತ್ತಿಯವರದು, ನಂದು ಐತವಾರದ ಜಳಕ ಅಷ್ಟ. ಬೇಕಾದ್ರ ಬರಕೊಳ್ರಿ ಅಕ್ಕಾರ.’ ಅತ್ತೆಯವರಿಗೆ ಬಿಪಿ ಮಾತ್ರೆ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಇತ್ತಂತೆ. ‘ನನ್ನ ಡಬ್ಬಿಯೊಳಗ ಅದರದೂ ಇಡ್ತೀನಿ’ ಅಂದರು.

ಆದರೂ ಕೂಡಲೇ ಕಾಗದ ಮಾಡಲಿಲ್ಲ. ಒಂದು ತಿಂಗಳು ಇಟ್ಟುಕೊಂಡು ನೋಡಿ, ಆಗದಿದ್ದರೆ ಯಾವ ಹೊತ್ತಿನಲ್ಲಾದರೂ ನಮಗೇ ವಾಪಸ್ ಕೊಡಿ, ಯಾರೂ ನಿಮ್ಮನ್ನು ದೂರುವುದಿಲ್ಲ ಅಂದೆವು. ಹೊಸ ಮನೆಗೆ ಹೋದ ನಾಯಿಗೆ ಮೂರು ದಿನ ಗಾಬರಿ, ಮೂರು ವಾರ ಹೊಂದಾಣಿಕೆ, ಮೂರು ತಿಂಗಳಿಗೆ ಅದು ತನ್ನ ಮನೆಯಾಗುತ್ತದೆ ಅಂತ ಈ ಕೆಲಸ ಮಾಡುವವರು ಹೇಳುವ ಲೆಕ್ಕ. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟೆವು. ಫಿಟ್ಸ್ ಬಂದಾಗ ಬಾಯಿಗೆ ಕೈ ಹಾಕಬೇಡಿ, ನೀರು ಹಾಕಬೇಡಿ. ಸುತ್ತಲಿನ ಸಾಮಾನು ಸರಿಸಿ, ದೀಪ ಸಣ್ಣದು ಮಾಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಒಂದೇ ದಿನದಲ್ಲಿ ಎರಡನೆಯ ಸಲ ಬಂದರೆ ತಕ್ಷಣ ಆಸ್ಪತ್ರೆಗೆ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಕೊಡಬೇಡಿ. ದ್ರಾಕ್ಷಿಯೂ ವಿಷ, ಒಣದ್ರಾಕ್ಷಿಯೂ ವಿಷ, ಆದ್ದರಿಂದ ಪ್ರಸಾದದ ಶಿರಾ ಬೇಡ. ನಮ್ಮ ನೋವಿನ ಮಾತ್ರೆಗಳನ್ನಂತೂ ಕೊಡಲೇಬೇಡಿ.

ಒಂಬತ್ತನೆಯ ರಾತ್ರಿ ಎರಡು ಗಂಟೆಗೆ ಫೋನ್ ಬಂತು. ಅವರ ಹೆಸರು ನೋಡಿ ನನಗೆ ಎದೆ ಧಸಕ್ಕೆಂದಿತು. ಇನ್ನೇನು, ಬಂದು ಕರೆದುಕೊಂಡು ಹೋಗಿ ಅನ್ನುತ್ತಾರೆ ಅಂದುಕೊಂಡೆ. ಸೊಸೆ ಹೇಳಿದ್ದು: ‘ಬಂತರಿ ಅಕ್ಕಾರ. ಎರಡ ನಿಮಿಷ ಹತ್ತ ಸೆಕೆಂಡ. ಬರದಿಟ್ಟೀವಿ. ಈಗ ಅತ್ತಿಯವರ ಕಾಲ ಹತ್ರ ಮಲಗೇತಿ. ಮುಂಜಾನೆ ಡಾಕ್ಟರಿಗೆ ಫೋನ್ ಮಾಡ್ಲ್ಯೋ?’

ಅಕ್ಕತಂಗಿಯರೇ, ಮೊದಲೇ ಗೊತ್ತಿದ್ದದ್ದಕ್ಕೆ ಅವರು ಹೆದರಲಿಲ್ಲ. ಅಥವಾ ಹೆದರಿದರೂ ಏನು ಮಾಡಬೇಕು ಅನ್ನುವುದು ಗೊತ್ತಿತ್ತು. ಅದೇ ರಾತ್ರಿ, ಅದೇ ಫಿಟ್ಸ್, ‘ಐದು ವರ್ಷದ ಮುದ್ದಾದ ಲ್ಯಾಬ್’ ಅಂತ ನಂಬಿ ಕರೆದುಕೊಂಡು ಹೋದ ಮನೆಯಲ್ಲಿ ಬಂದಿದ್ದರೆ ಏನಾಗುತ್ತಿತ್ತೋ ಯೋಚಿಸಿ. ತಿಂಗಳು ಮುಗಿದ ಮೇಲೆ ಕಾಗದ ಮಾಡಿದೆವು. ರೇಬಿಸ್ ಲಸಿಕೆಯ ದಾಖಲೆ ಕೊಟ್ಟೆವು, ಮಹಾನಗರಪಾಲಿಕೆಯ ಪರವಾನಗಿಯನ್ನು ಅವರ ಹೆಸರಿಗೆ ಮಾಡಿಸಿದೆವು.

ನಮ್ಮ ಕನ್ನಡ ನಾಡಿಗೆ ಇದು ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಸುಮಾರು 949-50ರ ಕಾಲದ ಒಂದು ಶಾಸನವಿದೆ. ಗಂಗರ ಬೂತುಗ, ಯುದ್ಧದಲ್ಲಿ ಮೆರೆದ ಮಣಲೇರನಿಗೆ ಏನು ಬೇಕೋ ಕೇಳು ಅಂದಾಗ ಆತ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಇಂದಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಶೂರ ನಾಯಿ. ನಮ್ಮ ಮೋತಿ ಹಂದಿ ಹಿಡಿಯಲಾರ, ಮೆಟ್ಟಿಲನ್ನೇ ಹತ್ತಲಾರ. ಆದರೂ ಅವನನ್ನು ಕೇಳಿ ಪಡೆದವರು ಇದ್ದಾರೆ.

ನಿಮ್ಮನ್ನು ಏನು ಕೇಳುತ್ತೇನೆ? ಎಲ್ಲರೂ ಕಾಯಿಲೆಯ ನಾಯಿ ಸಾಕಿ ಅಂತ ಅಲ್ಲ. ಆಗುವುದಿಲ್ಲ ಅಂತ ಮೊದಲೇ ಹೇಳುವುದೂ ಒಂದು ಉಪಕಾರ. ಹದಿನೈದು ದಿನ ಬಾಲ್ಕನಿಯಲ್ಲಿ ಜಾಗ ಕೊಡಬಹುದು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಕಾರಿನಲ್ಲಿ ಬಿಡಬಹುದು. ಗಾಯವಾದ ಬೀದಿನಾಯಿ ಕಂಡರೆ ನಮ್ಮ ಊರಿನಲ್ಲೇ ರೆಸ್ಕ್ಯೂ ಚಾರಿಟಬಲ್ ಟ್ರಸ್ಟ್, ಮುಂಢವಾದ ಬ್ಲೂ ಕ್ರಾಸ್ ಸೊಸೈಟಿಯಂಥ ಸಂಸ್ಥೆಗಳಿವೆ. ಅವರಿಗೆ ತಿಳಿಸಿ, ಅವರು ಬರುವವರೆಗೆ ನಾಯಿಯ ಹತ್ತಿರ ನಿಲ್ಲಬಹುದು. ನಿಮ್ಮ ಮನೆಯಲ್ಲಿ ಈಗಾಗಲೇ ನಾಯಿ ಇದ್ದರೆ, ನಿಮಗೆ ಏನಾದರೂ ಆದರೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಇವತ್ತೇ ಮಾತಾಡಿ ಇಟ್ಟುಕೊಳ್ಳಿ. ಕಂಬಕ್ಕೆ ಕಟ್ಟಿದ ನಾಯಿಗಳು ಅರ್ಧ ಕಡಿಮೆಯಾಗುತ್ತವೆ.

ಸದ್ಯಕ್ಕೆ ನಮ್ಮ ಹತ್ತಿರ ಒಂದು ಹೆಣ್ಣುನಾಯಿ ಇದೆ. ನಾಟಿ ತಳಿ, ಕಂದು ಬಣ್ಣ, ಸುಮಾರು ಮೂರು ವರ್ಷ. ಎಡಗಣ್ಣು ಕಾಣುವುದಿಲ್ಲ, ಆ ಕಡೆಯಿಂದ ಮುಟ್ಟಿದರೆ ಬೆಚ್ಚುತ್ತಾಳೆ, ಮೊದಲ ವಾರ ಗುರ್ ಅನ್ನುತ್ತಾಳೆ. ಸಣ್ಣ ಮಕ್ಕಳಿರುವ ಮನೆಗೆ ಕೊಡುವುದಿಲ್ಲ. ಚಹಾ ವಿರಾಮದಲ್ಲಿ ಫೋಟೋ ತೋರಿಸುತ್ತೇನೆ. ಯಾರಿಗಾದರೂ ಮನಸ್ಸಿದ್ದರೆ ಮನೆಯವರೆಲ್ಲರ ಜೊತೆ ಮಾತಾಡಿಕೊಂಡು ಹೇಳಿ.