ಮಗ್ಗಿ ಹೇಳುತ್ತಾ ಓಡಿ ನೋಡಿ

ಮಕ್ಕಳೇ, ಹೊಸದಾಗಿ ಓಡಲು ಕಲಿಯುವವರಿಗೆ ವೇಗ ಅಳೆಯಲು ದುಬಾರಿ ವಾಚು ಬೇಕಿಲ್ಲ. ಏಳರ ಮಗ್ಗಿ ಬಂದರೆ ಸಾಕು. ಮೆಲ್ಲಗೆ ಓಡಲು ಶುರುಮಾಡಿ, ಜೊತೆಗೇ ಗಟ್ಟಿಯಾಗಿ ಹೇಳುತ್ತಾ ಹೋಗಿ: ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು, ಏಳ್ಮೂರ್ಲೆ ಇಪ್ಪತ್ತೊಂದು... ಒಂದೊಂದು ಸಾಲೂ ತುಂಡಾಗದೆ ಬರುತ್ತಿದ್ದರೆ ನಿಮ್ಮ ವೇಗ ಸರಿಯಾಗಿದೆ. ‘ಏಳ್... ನಾಲ್ಕ್ಲೆ...’ ಎಂದು ನಡುನಡುವೆ ಗಾಳಿ ಎಳೆದುಕೊಳ್ಳುವಂತಾದರೆ ವೇಗ ಜಾಸ್ತಿಯಾಯಿತು, ಇಳಿಸಿ. ಏಳೇಳ್ಲೆ ಎಷ್ಟೆಂದು ಮರೆತು ನಿಂತರೆ ಮಾತ್ರ ಓಟವನ್ನು ದೂರಬೇಡಿ!

ಬಾಯಿಗೂ ಕಾಲಿಗೂ ಏನು ಸಂಬಂಧ? ನಾವು ಮಾತಾಡುವುದು ಉಸಿರು ಹೊರಬಿಡುವಾಗ. ಮಾತು ಉದ್ದವಾದಷ್ಟೂ ಮುಂದಿನ ಉಸಿರು ತಡ. ಹಾಯಾಗಿ ಓಡುವಾಗ ಆ ತಡವನ್ನು ದೇಹ ಸಹಿಸುತ್ತದೆ, ಏಕೆಂದರೆ ಸ್ನಾಯುಗಳು ಆಮ್ಲಜನಕ ಬಳಸಿಕೊಂಡು ಸಕ್ಕರೆ, ಕೊಬ್ಬನ್ನು ನಿಧಾನವಾಗಿ ಉರಿಸುತ್ತಿರುತ್ತವೆ. ವೇಗ ಏರಿತೆನ್ನಿ, ಆಗ ಸ್ನಾಯುಗಳು ಆಮ್ಲಜನಕವಿಲ್ಲದ ಅಡ್ಡದಾರಿಯನ್ನೂ ಹಿಡಿಯುತ್ತವೆ. ಅದರಿಂದ ರಕ್ತದಲ್ಲಿ ಆಮ್ಲದ ಅಂಶ ಹೆಚ್ಚುತ್ತದೆ. ಅದನ್ನು ತಣಿಸಲು ರಕ್ತದಲ್ಲೇ ಬೈಕಾರ್ಬೊನೇಟ್ ಇದೆ. ಅಡುಗೆ ಸೋಡಾದಲ್ಲಿ ಇರುವುದೂ ಅದೇ. ಸೋಡಾದ ಮೇಲೆ ನಿಂಬೆರಸ ಹಿಂಡಿ ನೋಡಿ, ಬುಸ್ಸೆಂದು ನೊರೆ ಏಳುತ್ತದೆ. ಆ ಗುಳ್ಳೆಗಳೊಳಗೆ ಇರುವುದು ಇಂಗಾಲದ ಡೈಆಕ್ಸೈಡ್. ರಕ್ತದಲ್ಲಿಯೂ ಹೀಗೆ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಮಿದುಳು ಅದನ್ನು ಪತ್ತೆ ಹಚ್ಚಿ ‘ಬೇಗ ಬೇಗ ಉಸಿರಾಡು’ ಎಂದು ಆಜ್ಞೆ ಹೊರಡಿಸುತ್ತದೆ. ಮಗ್ಗಿ ತುಂಡಾಗುವುದು ಆಗಲೇ.

ಈಗ ಇದೇ ಪರೀಕ್ಷೆಯನ್ನು ಕೀನ್ಯಾ ದೇಶದ ನೈರೋಬಿಯಲ್ಲಿ ಮಾಡೋಣ. ಅಲ್ಲಿನ ನಡುಪೇಟೆಗೆ ಸಿಬಿಡಿ ಎನ್ನುತ್ತಾರೆ. ಮೋಯಿ ಅವೆನ್ಯೂವಿನಲ್ಲಿ ಓಡುವ ಯೋಚನೆ ಬಿಡಿ. ಮಟಾಟು ಎಂಬ ಬಣ್ಣಬಣ್ಣದ ಬಾಡಿಗೆ ವ್ಯಾನುಗಳು, ಕೂಗಿ ಕರೆಯುವ ಕಂಡಕ್ಟರುಗಳು, ಜನವೋ ಜನ. ಉಹುರು ಹೆದ್ದಾರಿಯ ಆಚೆಗೆ ಉಹುರು ಪಾರ್ಕ್ ಇದೆ, ಕೆರೆಯೂ ಹುಲ್ಲುಹಾಸೂ ಇರುವ ತಾಣ. 1989ರಲ್ಲಿ ಅಲ್ಲಿ ಅರವತ್ತು ಮಹಡಿಯ ಕಟ್ಟಡ ಎಬ್ಬಿಸಲು ಸರ್ಕಾರ ಹೊರಟಾಗ ಎದುರು ನಿಂತವರು ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್. ಕಟ್ಟಡ ಏಳಲಿಲ್ಲ. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಪೇಟೆಯ ಮಗ್ಗುಲಲ್ಲೇ ಓಡಲು ಜಾಗ ಉಳಿದಿರುವುದಕ್ಕೆ ಅವರನ್ನು ನೆನೆಯಲೇಬೇಕು.

ಬೆಂಗಳೂರಿನಿಂದ ಹೋದ ಮಗು ಈ ಪಾರ್ಕಿನಲ್ಲಿ ತನ್ನ ಮಾಮೂಲಿ ವೇಗದಲ್ಲೇ ಓಡಿದರೆ ಮಗ್ಗಿ ಬೇಗ ತಡವರಿಸುತ್ತದೆ. ಕಾಲು ಸೋತದ್ದಲ್ಲ, ಊರು ಎತ್ತರದಲ್ಲಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದ್ದರೆ, ನೈರೋಬಿಯ ಪೇಟೆ ಸುಮಾರು 1,700 ಮೀಟರ್! ನಮ್ಮ ನಂದಿಬೆಟ್ಟದ ನೆತ್ತಿಯೂ (1,478 ಮೀಟರ್) ಅದರ ಕೆಳಗೇ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಶೇ. 21. ಆದರೆ ಕಡಲತೀರದ ಮಂಗಳೂರಿನಲ್ಲಿ ಒಂದು ಉಸಿರಿಗೆ ಆಮ್ಲಜನಕದ ನೂರು ಕಣ ಸಿಕ್ಕರೆ, ಅಷ್ಟೇ ದೊಡ್ಡ ಉಸಿರಿಗೆ ಬೆಂಗಳೂರಿನಲ್ಲಿ ಸುಮಾರು ತೊಂಬತ್ತು, ನೈರೋಬಿಯಲ್ಲಿ ಎಂಬತ್ತರ ಆಸುಪಾಸು.

ರಕ್ತದ ಕೆಂಪುಕಣಗಳನ್ನು ಮಟಾಟುಗಳೆಂದೇ ತಿಳಿಯಿರಿ. ಶ್ವಾಸಕೋಶದ ನಿಲ್ದಾಣದಲ್ಲಿ ಆಮ್ಲಜನಕವನ್ನು ಹತ್ತಿಸಿಕೊಂಡು ಸ್ನಾಯುವಿನಲ್ಲಿ ಇಳಿಸುವುದು ಅವುಗಳ ಕೆಲಸ. ತೆಳುಗಾಳಿಯಲ್ಲಿ ಓಡುವಾಗ ಕೆಲವು ಸೀಟು ಖಾಲಿ ಉಳಿದರೆ, ಅಷ್ಟೇ ಜನರನ್ನು ಮುಟ್ಟಿಸಲು ಹೆಚ್ಚು ಟ್ರಿಪ್ ಹೊಡೆಯಬೇಕು. ಅದಕ್ಕೇ ಮೊದಲ ದಿನಗಳಲ್ಲಿ ಎದೆ ಜೋರಾಗಿ ಬಡಿಯುತ್ತದೆ. ಅಷ್ಟರಲ್ಲಿ ಮೂತ್ರಪಿಂಡಗಳು ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ಹೆಚ್ಚಿಸಿ ಮೂಳೆಮಜ್ಜೆಗೆ ಸುದ್ದಿ ಕಳಿಸುತ್ತವೆ, ವಾರಗಳು ಕಳೆದಂತೆ ಹೊಸ ಗಾಡಿಗಳು ರಸ್ತೆಗಿಳಿಯುತ್ತವೆ. ಮೂತ್ರಪಿಂಡಕ್ಕೆ ಈ ಉಸಾಬರಿಯೂ ಇದೆಯೆಂದು ಎಷ್ಟು ಜನರಿಗೆ ಗೊತ್ತು?

ಎತ್ತರದ ಈ ಕಾಟ ಪಳಗಿದವರನ್ನೂ ಬಿಡುವುದಿಲ್ಲ. 2021ರ ಆಗಸ್ಟಿನಲ್ಲಿ ನೈರೋಬಿಯ ಕಸರಾನಿ ಕ್ರೀಡಾಂಗಣದಲ್ಲಿ ಇಪ್ಪತ್ತು ವರ್ಷದೊಳಗಿನವರ ವಿಶ್ವ ಅಥ್ಲೆಟಿಕ್ಸ್ ನಡೆಯಿತು. ನಮ್ಮ ಕರ್ನಾಟಕದ ಪ್ರಿಯಾ ಮೋಹನ್ ಇದ್ದ ಮಿಶ್ರ ರಿಲೇ ತಂಡಕ್ಕೆ ಕಂಚು ಬಂತು. ಹತ್ತು ಸಾವಿರ ಮೀಟರ್ ನಡಿಗೆಯಲ್ಲಿ ಮುಂದಿದ್ದ ಭಾರತದ ಅಮಿತ್ ಖತ್ರಿ ಕೊನೆಯ ಸುತ್ತುಗಳಲ್ಲಿ ಕೀನ್ಯಾದ ಹುಡುಗನಿಗೆ ದಾರಿ ಬಿಟ್ಟುಕೊಟ್ಟು ಬೆಳ್ಳಿ ಗೆದ್ದರು. ಅಂತರ ಬರೀ ಏಳು ಸೆಕೆಂಡು. ಎತ್ತರದ ಜಾಗದಲ್ಲಿ ಉಸಿರಾಟ ಕಷ್ಟವಾಯಿತೆಂದು ಅವರೇ ಆಮೇಲೆ ಹೇಳಿದರು.

ಹಾಗಾದರೆ ಕೀನ್ಯಾದ ಓಟಗಾರರು ಸದಾ ಶರವೇಗದಲ್ಲಿ ಓಡುತ್ತಾರೆಯೇ? ಎಲಿಯುಡ್ ಕಿಪ್ಚೋಗೆ 2019ರಲ್ಲಿ ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದರು. ಅಂದರೆ ನೂರು ಮೀಟರಿಗೆ 17 ಸೆಕೆಂಡು, ಹಾಗೆ ನಾನೂರಿಪ್ಪತ್ತೆರಡು ಸಲ! (ಅವರು ಹುಟ್ಟಿದ್ದು ನಂದಿ ಎಂಬ ಜಿಲ್ಲೆಯಲ್ಲಿ. ನಂದಿ ಹಿಲ್ಸ್ ಎಂಬ ಚಹಾ ತೋಟಗಳ ಊರೂ ಅಲ್ಲಿದೆ!) ಆದರೆ ಕೀನ್ಯಾದ ಬೆಟ್ಟದೂರುಗಳಲ್ಲಿ ಬೆಳಗಿನ ಹಗುರ ಓಟ ನೋಡಿದವರಿಗೆ ಅಚ್ಚರಿ ಕಾದಿರುತ್ತದೆ. ಶುರುವಿನಲ್ಲಿ ಇಂಥ ವೀರರೂ ಕಾಲೆಳೆಯುತ್ತಾ, ಹರಟೆ ಹೊಡೆಯುತ್ತಾ ಹೋಗುತ್ತಾರೆ, ನಾವೂ ಜೊತೆಯಲ್ಲಿ ಹೋಗಬಹುದೇನೋ ಅನ್ನಿಸುವಷ್ಟು ನಿಧಾನ. ವೇಗದ ಓಟಕ್ಕೆ ಅವರು ಬೇರೆ ದಿನ ಇಟ್ಟುಕೊಂಡಿರುತ್ತಾರೆ.

ಹೊಸಬರು ಕಿಲೋಮೀಟರ್ ಎಣಿಸುವುದಕ್ಕಿಂತ ನಿಮಿಷ ಎಣಿಸುವುದು ಒಳ್ಳೆಯದು. ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಹತ್ತು ಹದಿನೈದು ನಿಮಿಷ. ಮರುದಿನ ಬಿಡುವು. ಕೆಲವು ವಾರಗಳಲ್ಲಿ ನಡಿಗೆ ಕಡಿಮೆಯಾಗುತ್ತಾ ಓಟ ಬೆಳೆಯುತ್ತದೆ. ಅವಸರ ಬೇಡ ಎನ್ನಲು ಕಾರಣವಿದೆ: ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ಹೆಚ್ಚು ಕಾಲ ಬೇಕು. ಅದರಲ್ಲೂ ಮಕ್ಕಳ ಮೂಳೆಯ ತುದಿಗಳ ಬಳಿ ಬೆಳೆಯುವ ಮೃದು ಭಾಗ ಇರುತ್ತದೆ. ಮಂಡಿಯಲ್ಲೋ ಹಿಮ್ಮಡಿಯಲ್ಲೋ ನೋವು ಬಂದರೆ ನಿಲ್ಲಿಸಿ, ಮನೆಯಲ್ಲಿ ಹೇಳಿ. ಉಬ್ಬಸ ಇರುವವರು ಮೊದಲೇ ವೈದ್ಯರನ್ನು ಕೇಳಿಕೊಳ್ಳಬೇಕು.

ಇನ್ನೊಂದು ತಮಾಷೆ ಕೇಳಿ. ನೈರೋಬಿಯ ತೆಳುಗಾಳಿಗೆ ಚೆನ್ನಾಗಿ ಒಗ್ಗಿಕೊಂಡ ಮಗು ರಜೆಗೆ ಮಂಗಳೂರಿನ ಅಜ್ಜಿಮನೆಗೆ ಬಂತೆನ್ನಿ. ದಟ್ಟ ಗಾಳಿ, ಬೇಕಾದಷ್ಟು ಆಮ್ಲಜನಕ. ಇನ್ನು ಹದಿನೇಳರ ಮಗ್ಗಿಯನ್ನೇ ಹೇಳುತ್ತಾ ಓಡಬಹುದು ಅಂದುಕೊಂಡರೆ, ಏಪ್ರಿಲಿನ ಸೆಕೆ ಬಿಡುವುದಿಲ್ಲ. ಗಾಳಿಯಲ್ಲಿ ಆಗಲೇ ನೀರಿನ ಆವಿ ತುಂಬಿರುವುದರಿಂದ ಬೆವರು ಆರುವುದಿಲ್ಲ, ಸುಮ್ಮನೆ ತೊಟ್ಟಿಕ್ಕುತ್ತದೆ. ಬೆವರು ಆರದೆ ಮೈ ತಂಪಾಗದು. ಮೈ ತಣಿಸಲು ದೇಹ ಒಂದಿಷ್ಟು ರಕ್ತವನ್ನು ಚರ್ಮದ ಕಡೆಗೆ ತಿರುಗಿಸಬೇಕು, ಸ್ನಾಯುಗಳ ಪಾಲು ಅಷ್ಟು ಕಡಿಮೆ. ಅಲ್ಲಿಯೂ ಮಗ್ಗಿ ತಡವರಿಸುತ್ತದೆ, ವೇಗ ಇಳಿಸಬೇಕಾಗುತ್ತದೆ.